ಹಿಂದ ಯಾರದಾರ?

ಇವತ್ತು ಬೆಳಿಗ್ಗೆ ಚಹಾದ ಬಟ್ಟಲು ಕೈಗೆತ್ತಿಕೊಳ್ಳುವಷ್ಟರಲ್ಲಿ ಒಳಗಿನ ಕೋಣೆಯಿಂದ ಆ ವಾಸನೆ ಬಂತು. ಕರ್ಪೂರ, ನೀಲಗಿರಿ, ಜೊತೆಗೆ ಹೆಸರು ಗೊತ್ತಿಲ್ಲದ ಯಾವುದೋ ಸೊಪ್ಪು. ಮೂಗಿಗಿಂತ ಮೊದಲು ಕಣ್ಣಿಗೆ ತಾಗುವ ವಾಸನೆ ಅದು. ಶರಣಮ್ಮತ್ತೆ ತನ್ನ ಹಸಿರು ಶೀಶೆ ತೆಗೆದಳೆಂದು ಗೊತ್ತಾಯಿತು. ಆ ಶೀಶೆ ಹೊರಗೆ ಬಂತೆಂದರೆ ಎಲ್ಲಿಗೋ ನಡೆಯುವ ಹುನ್ನಾರ ನಡೆದಿದೆ ಎಂದೇ ಅರ್ಥ. ಮೊಣಕಾಲು ಸೋತು ಬಹಳ ದಿನಗಳಾದವು, ಆದರೆ ಆ ಸುದ್ದಿಯನ್ನು ಆಕೆ ಇನ್ನೂ ಮನಸ್ಸಿಗೆ ತಿಳಿಸಿಲ್ಲ.

ನಿಜ ಹೇಳಬೇಕೆಂದರೆ ಶೀಶೆಯೊಳಗಿನ ಮೂಲ ಎಣ್ಣೆ ಎಂದೋ ಮುಗಿದಿದೆ. ಈಗ ಅದರಲ್ಲಿರುವುದು ನಮ್ಮ ಚಿತ್ತಾಪುರದ ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯ ಎಣ್ಣೆ. ಹಾಗಂತ ಅತ್ತೆಯ ಮುಂದೆ ಹೇಳಿ ನೋಡಿ! "ಶೀಶಾ ಪರದೇಶದ್ದದ, ಅದರ ಗುಣ ಎಣ್ಣಿಗಿ ಹತ್ತಲಾರ್ದ ಇರ್ತದೇನು?" ಎಂದು ನಿಮ್ಮನ್ನೇ ಕೂರಿಸಿ ಮೊಣಕಾಲಿಗೆ ತಿಕ್ಕಿ ಕಳಿಸುತ್ತಾಳೆ. ಆ ಶೀಶೆ ನಮ್ಮ ಮನೆಗೆ ಬಂದದ್ದು ಹೇಗೆ ಎಂಬುದನ್ನು ನಾನು ಊರಲ್ಲಿ ಬಹಳ ಮಂದಿಗೆ ಹೇಳಿದ್ದೇನೆ, ಪ್ರತಿ ಸಲ ನನ್ನ ಪಾತ್ರವನ್ನು ಸ್ವಲ್ಪ ದೊಡ್ಡದು ಮಾಡಿಕೊಂಡು. ನಿಮಗೆ ಮಾತ್ರ ಇದ್ದದ್ದು ಇದ್ದಂತೆ ಹೇಳುತ್ತೇನೆ.

ನಾನು ಸಿಮೆಂಟು, ಕಬ್ಬಿಣ, ಶಹಾಬಾದ ಫರಸಿಕಲ್ಲು ಮಾರುವವನು. ನಮ್ಮ ಕಡೆಯ ಸಿಮೆಂಟು ವ್ಯಾಪಾರಿಗಳು ಹಿಂದಿನ ಜನ್ಮದಲ್ಲಿ ಏನು ಪುಣ್ಯ ಮಾಡಿದ್ದರೋ, ಒಂದಿಷ್ಟು ಮಾಲು ಹೆಚ್ಚಿಗೆ ಎತ್ತಿದರೆ ಸಾಕು, ಕಂಪನಿಯವರು ವಿಮಾನ ಹತ್ತಿಸಿ ಪರದೇಶದ ಒಂದು ಸಮುದ್ರದ ಊರಿಗೆ ಕಳಿಸುತ್ತಾರೆ. ಸೇಡಂ, ವಾಡಿ, ಚಿಂಚೋಳಿಗಳಲ್ಲಿ ಕಲಬುರಗಿಯ ಕೋಟೆಯನ್ನು ಒಳಹೊಕ್ಕು ನೋಡದ ವ್ಯಾಪಾರಿಗಳಿದ್ದಾರೆ, ಆ ಊರನ್ನು ನೋಡದವರು ಕಡಿಮೆ. ಊರಿನ ಹೆಸರು ಬೇಡ. ಹೆಸರು ಹೇಳಿದರೆ ನೀವು ಒಂದು ನಮೂನೆ ನಗುತ್ತೀರಿ. ಹೋಗಿ ಬಂದವರೂ ಹಾಗೇ ನಗುತ್ತಾರೆ, ಕೇಳಿದರೆ "ಏನಿಲ್ಲ ಬಿಡ್ರಿ, ಸಮುದ್ರ ಭಾಳ ಚಂದ ಅದ" ಅನ್ನುತ್ತಾರೆ. ನನ್ನ ಹೆಂಡತಿಗೆ ಅನುಮಾನ ಹುಟ್ಟಿಸಿದ್ದು ಈ ನಗುವೇ.

ಆ ವರ್ಷ ನನ್ನ ಪಾಲಿಗೆ ಜೋಡಿ ಟಿಕೀಟು ಬಂದಿತ್ತು. ಹೆಂಡತಿಗೆ ವಿಮಾನವೆಂದರೆ ಆಗದು. "ನನಗ ಆ ಡಬ್ಬ್ಯಾಗ ಉಸಿರು ಕಟ್ತದ, ನಾ ಬರಂಗಿಲ್ಲ. ಅತ್ತಿನ್ನ ಕರಕೊಂಡು ಹೋಗ್ರಿ" ಎಂದಳು. "ಪರದೇಶದಾಗ ಹುಷಾರಿಲೆ ಅಡ್ಡಾಡಬೇಕು. ಜೋಡಿಗಿ ಯಾರರೆ ದೊಡ್ಡವ್ರು ಇದ್ರ ಛಲೋ." ನಾನು ಹೆದರಿದ್ದು ಅಲ್ಲಿಯ ಕಿಸೆಗಳ್ಳರಿಗೆ. ಅವಳು ಹೆದರಿದ್ದು ಯಾರಿಗೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಶರಣಮ್ಮತ್ತೆ ನನ್ನ ತಂದೆಯ ತಂಗಿ. ಚಿಂಚೋಳಿ ಕಡೆಯ ಚಿಮ್ಮನಚೋಡಕ್ಕೆ ಕೊಟ್ಟಿದ್ದರು. ಮಕ್ಕಳಿರಲಿಲ್ಲ, ಮಾವನೂ ಬೇಗ ಹೋದ. ಹೊಲವನ್ನು ಪಾಲಿಗೆ ಹಾಕಿ ನಮ್ಮ ಮನೆಗೂ ಆ ಊರಿಗೂ ನಡುವೆ ಓಡಾಡಿಕೊಂಡಿದ್ದಳು. ನಮ್ಮ ತಂದೆಗೆ ಆಕೆಯೊಬ್ಬಳೇ ಒಡಹುಟ್ಟಿದವಳು. ಮಾತು ಕಡಿಮೆ ಆಡುವ ಮನುಷ್ಯ, ಆಕೆ ಬಂದ ದಿನ ಮಾತ್ರ ಊಟಕ್ಕೆ ಕೂತು ಎದ್ದೇಳುತ್ತಿರಲಿಲ್ಲ. ನಾವು ಹೊರಟಾಗ ಆಟೋದವರೆಗೆ ಬಂದು, ನನ್ನ ಭುಜದ ಮೇಲೆ ಕೈಯಿಟ್ಟು, "ಶರಣಿ ಕೈ ಬಿಡಬ್ಯಾಡ" ಅಂದಿದ್ದರು. ಅಷ್ಟೇ. ಅವರ ಲೆಕ್ಕದಲ್ಲಿ ಅದು ದೊಡ್ಡ ಭಾಷಣ.

ಅತ್ತೆಯ ವಿಶೇಷವೆಂದರೆ ಆಕೆಯ ಕಾಲು. ಪ್ರತಿ ವರ್ಷ ಯುಗಾದಿಗೆ ಮುಂಚೆ ಶ್ರೀಶೈಲದ ಮಲ್ಲಯ್ಯನ ತನಕ ನಡೆದು ಹೋಗುತ್ತಿದ್ದಳು. ನಮ್ಮ ಸೀಮೆಯ ಊರೂರಿನಿಂದಲೂ ಆಗ ಪಾದಯಾತ್ರೆಯ ತಂಡಗಳು ಹೊರಡುತ್ತವೆ. ಆ ತಂಡಗಳಿಗೆ ಒಂದು ಕ್ರಮವಿದೆ. ಮುಂದೆ ಬಾವುಟ ಹಿಡಿದವನೊಬ್ಬ ಇರುತ್ತಾನೆ. ಅದೇನು ದೊಡ್ಡ ಕೆಲಸವಲ್ಲ, ದಾರಿ ಎಲ್ಲರಿಗೂ ಗೊತ್ತು. ಎಲ್ಲರಿಗಿಂತ ಗಟ್ಟಿ ಕಾಲಿನವರನ್ನು ನಿಲ್ಲಿಸುವುದು ಸಾಲಿನ ಕಟ್ಟಕಡೆಗೆ. ಅವರು ಯಾರನ್ನೂ ದಾಟಿ ಮುಂದೆ ಹೋಗುವಂತಿಲ್ಲ. ಅಂಗಾಲಿಗೆ ಗುಳ್ಳೆ ಎದ್ದು ಕೂತವರಿರಲಿ, ಬೇರೆ ಊರಿನ ತಂಡದಿಂದ ಹಿಂದೆ ಬಿದ್ದವರೇ ಇರಲಿ, ಕಣ್ಣಿಗೆ ಬಿದ್ದರೆಂದರೆ ಎಬ್ಬಿಸಿ, ಮುಂದೆ ಹಾಕಿಕೊಂಡೇ ನಡೆಯಬೇಕು. ನಡುನಡುವೆ ಮುಂದಿನವರು ತಿರುಗಿ ನೋಡದೆ ಕೂಗುತ್ತಾರೆ: "ಹಿಂದ ಯಾರದಾರ?" ಕಡೆಯವರು "ನಾ ಅದೀನಿ, ನಡೀರಿ" ಎನ್ನಬೇಕು. ಆ ಉತ್ತರ ಬಂತೆಂದರೆ ನಡುವಿನವರೆಲ್ಲ ಇದ್ದಾರೆಂದೇ ಲೆಕ್ಕ. ಅಕಸ್ಮಾತ್ ತಮ್ಮ ಬಾವುಟ ತಪ್ಪಿತೋ, ಯಾವ ಊರಿನ ಬಾವುಟ ಕಂಡರೂ ಅದರ ಬೆನ್ನು ಹತ್ತಿದರಾಯಿತು. ಆ ದಿನಗಳಲ್ಲಿ ಆ ದಾರಿಯ ಬಾವುಟಗಳೆಲ್ಲ ಹೋಗುವುದು ಮಲ್ಲಯ್ಯನ ಬಾಗಿಲಿಗೇ.

ಅತ್ತೆ ಚಿಮ್ಮನಚೋಡದ ತಂಡಕ್ಕೆ ಕಾಯಂ ಕಡೆಯವಳು. ಇದು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಇನ್ನು ನನ್ನ ತಯಾರಿ ಕೇಳಿ. ಹೊರಡುವ ಮುಂಚೆ ಮೊಬೈಲಿನಲ್ಲಿ ಪರದೇಶದ ಬೀದಿಗಳಲ್ಲಿ ಸುರಕ್ಷಿತವಾಗಿ ಅಡ್ಡಾಡುವುದು ಹೇಗೆಂಬ ವಿಡಿಯೋಗಳನ್ನು ಕಣ್ಣು ಉರಿಯುವ ತನಕ ನೋಡಿದೆ. ಚೀಲ ಬೆನ್ನಿಗಲ್ಲ, ಎದೆಗೆ ಹಾಕಿಕೊಳ್ಳಬೇಕು. ಬಂಗಾರ ತೋರಿಸಬಾರದು. ಬಾಡಿಗೆ ಸ್ಕೂಟರು ಮುಟ್ಟಬಾರದು. ನಕ್ಕು ಮಾತಾಡಿಸುವವರನ್ನು ನಂಬಬಾರದು. ಎಲ್ಲಕ್ಕಿಂತ ಮುಖ್ಯ, ಬೀದಿಯಲ್ಲಿ ಹೊಸಬರೆಂದು ಗೊತ್ತಾಗದ ಹಾಗೆ ನಡೆಯಬೇಕು. ಇಳಕಲ್ಲ ಸೀರೆ, ಹಣೆತುಂಬ ವಿಭೂತಿ, ಬಗಲಲ್ಲಿ ರೊಟ್ಟಿಯ ಗಂಟು ಇಟ್ಟುಕೊಂಡ ಅತ್ತೆಯ ಜೊತೆ ಸಮುದ್ರದ ದಂಡೆಯಲ್ಲಿ ಅದನ್ನು ಸಾಧಿಸುವುದು ಹೇಗೆಂದು ಯಾವ ವಿಡಿಯೋದಲ್ಲೂ ಇರಲಿಲ್ಲ.

ಅಂಗಿಯ ಒಳಗೆ ಹೊಟ್ಟೆಗೆ ಕಟ್ಟಿಕೊಳ್ಳುವ ಬೆಲ್ಟೊಂದನ್ನು ತರಿಸಿದ್ದೆ. ಅದರೊಳಗೆ ಇಬ್ಬರ ಪಾಸ್‌ಪೋರ್ಟು, ಅಲ್ಲಿಯ ದುಡ್ಡು. ಹೋಟೆಲಿನವರು ಹೆಸರು, ವಿಳಾಸ ಅಚ್ಚಾದ ಕಾರ್ಡನ್ನು ತಲೆಗೊಂದರಂತೆ ಕೊಟ್ಟು, ದಾರಿ ತಪ್ಪಿದರೆ ಯಾರಿಗಾದರೂ ತೋರಿಸಿ ಎಂದರು. ಅತ್ತೆ ಕಳೆದಾಳು ಎಂದು ಆಕೆಯ ಕಾರ್ಡನ್ನೂ ಇಸಿದುಕೊಂಡು ನನ್ನ ಬೆಲ್ಟಿನಲ್ಲೇ ಇಟ್ಟೆ. ಸೆಖೆಗೆ ಬೆಲ್ಟಿನ ಅಡಿ ಬೆವರುಸಾಲೆ ಎದ್ದು, ಆ ಚಂದದ ಸಮುದ್ರದ ಮುಂದೆ ನಿಂತು ನಾನು ಹೊಟ್ಟೆ ಕೆರೆದುಕೊಳ್ಳುತ್ತಿದ್ದೆ. ಕಳ್ಳರು ದೂರದಿಂದಲೇ ಹೊಲಸೆಂದು ಬಿಟ್ಟಿರಬೇಕು, ಯಾರೂ ಹತ್ತಿರ ಬರಲಿಲ್ಲ.

ನಮ್ಮ ತಂಡದಲ್ಲಿ ವಾಡಿಯ ಖಾಜಾಸಾಬರು, ಸೇಡಂನ ವೆಂಕಟರೆಡ್ಡಿ, ಇನ್ನೂ ಕೆಲವರು ಇದ್ದರು. ನಮ್ಮನ್ನು ನಡೆಸಿಕೊಂಡು ಹೋಗಲು ಕಂಪನಿಯವರು ಅಲ್ಲಿಯ ಒಬ್ಬ ಗೈಡ್ ಹುಡುಗಿಯನ್ನು ಗೊತ್ತು ಮಾಡಿದ್ದರು. ಹರಕು ಮುರುಕು ಹಿಂದಿ ಬರುತ್ತಿತ್ತು. ಮೊದಲ ದಿನ ಆಕೆ ಒಂದು ಕೋಲಿಗೆ ಹಳದಿ ಬಾವುಟ ಸಿಕ್ಕಿಸಿ ಎತ್ತಿ ಹಿಡಿದಾಗ ಅತ್ತೆಯ ಮುಖ ನೋಡಬೇಕಿತ್ತು.

"ಇಕಾ ನೋಡ್ರಿ, ಈ ಪೋರಿಗಿ ಎಲ್ಲಾ ಗೊತ್ತದ!" ಅಂದವಳೇ ಸರಸರ ಹಿಂದೆ ಹೋಗಿ ಸಾಲಿನ ಕಡೆಗೆ ನಿಂತಳು. ಯಾರೂ ಆಕೆಯನ್ನು ನೇಮಿಸಿರಲಿಲ್ಲ. ಯಾರೂ ಬೇಡವೆನ್ನುವ ಹಾಗೂ ಇರಲಿಲ್ಲ. ನಡುವೆ ನಮ್ಮವರು ಮಸಾಜಿನ ಅಂಗಡಿಯ ಮುಂದೆ ಹೆಜ್ಜೆ ನಿಧಾನ ಮಾಡಿದರೆ ಬೆನ್ನಿಗೆ ಆಕೆಯ ದನಿ ಬೀಳುತ್ತಿತ್ತು: "ಯಾಕ್ರೆಪಾ, ಕಾಲು ನೋಯಾಕತ್ತಾವೇನು? ನಡೀರಿ, ನಡೀರಿ." ಆ ಊರಿಗೆ ಹೋಗಿ ಏನನ್ನೂ ನೋಡದೆ ಬಂದ ಮೊದಲ ತಂಡ ನಮ್ಮದೇ ಇರಬೇಕು. ವೆಂಕಟರೆಡ್ಡಿ ನನ್ನ ಕಿವಿಯಲ್ಲಿ, "ಅಣ್ಣಾ, ನಿಮ್ಮ ಅತ್ತೀನ್ನ ಕರ್ಕೊಂಡು ಬರ್ರಿ ಅಂತ ಯಾರು ಹೇಳಿದ್ರು?" ಎಂದ. "ನಿನ್ನ ತಂಗಿ" ಎಂದೆ. ಅವನು ನನ್ನ ಹೆಂಡತಿಯನ್ನು ತಂಗಿ ಎಂದು ಕರೆಯುತ್ತಿದ್ದ. ಹೆಜ್ಜೆ ಚುರುಕು ಮಾಡಿದ.

ಎರಡನೆಯ ದಿನಕ್ಕೆ ಗೈಡ್ ಹುಡುಗಿಗೂ ಅತ್ತೆ ಆ ಕೂಗನ್ನು ಕಲಿಸಿಬಿಟ್ಟಳು. ಹುಡುಗಿ ಮುಂದಿನಿಂದ "ಇಂದ ಯಾದಾಲಾ?" ಎನ್ನುವುದು, ಹಿಂದಿನಿಂದ ಅತ್ತೆ ಬೀದಿ ಕೇಳುವಂತೆ "ನಾ ಅದೀನಿ, ನಡೀರಿ!" ಎನ್ನುವುದು. ಬಿಳಿಯರು, ಕರಿಯರು, ಐಸ್‌ಕ್ರೀಮು ಮಾರುವವರು ಎಲ್ಲ ತಿರುಗಿ ನೋಡುತ್ತಿದ್ದರು. ನನಗೆ ನಾಚಿಕೆಯಾಗಿ ಜೀವ ಹಿಡಿಯಷ್ಟಾಯಿತು. ಹೊಸಬರೆಂದು ಗೊತ್ತಾಗಬಾರದು ಎಂಬ ನನ್ನ ಮುಖ್ಯ ನಿಯಮವನ್ನೇ ಹೀಗೆ ಹಾಡಹಗಲು ಡಂಗುರ ಸಾರಿ ಮುರಿಯುವುದೆಂದರೇನು! "ಅತ್ತಿ, ಇಲ್ಲಿ ಹಂಗೆಲ್ಲಾ ಒದರಬಾರ್ದು. ಹುಷಾರಿಲೆ ಇರಬೇಕಂದ್ರ ಸುಮ್ಮ ನಡೀಬೇಕು" ಎಂದೆ. ಅತ್ತೆ ಒಂದು ಸಲ ನನ್ನ ಮುಖ ನೋಡಿ, "ಆಯ್ತಪಾ" ಎಂದಳು. ಮೂರನೆಯ ದಿನದಿಂದ ಕೂಗು ನಿಂತಿತು.

ಅವತ್ತು ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಸಮುದ್ರದ ಪಕ್ಕದ ರಸ್ತೆಯಲ್ಲಿ ಹಣ್ಣಿನ ಸಂತೆಯ ಕಡೆ ಹೊರಟಿದ್ದೆವು. ದಾರಿಯಲ್ಲೊಂದು ಕಡೆ ಕಟ್ಟಡ ಏಳುತ್ತಿತ್ತು. ಸಿಮೆಂಟು ಮಾರುವವರು ಕಟ್ಟಡದ ಕೆಲಸ ಕಂಡರೆ ನಿಲ್ಲದೆ ಹೋದದ್ದುಂಟೆ? ನೀಲಿ ಸಮುದ್ರಕ್ಕೆ ಬೆನ್ನು ಹಾಕಿ ನಾವೆಲ್ಲ ಅಲ್ಲಿಯ ಮರಳನ್ನು ಚಿಟಿಕೆಯಲ್ಲಿ ತಿಕ್ಕಿ ನೋಡಿದೆವು, ಸಿಮೆಂಟಿನ ಖಾಲಿ ಚೀಲಗಳ ಫೋಟೋ ತೆಗೆದೆವು, ಕಾಲುದಾರಿಗೆ ಹಾಸಿದ ಕಲ್ಲನ್ನು ಬೂಟಿನಿಂದ ಕುಟ್ಟಿ ನೋಡಿದೆವು. "ನಮ್ಮ ಶಹಾಬಾದ ಫರಸಿ ಮುಂದ ಇದೇನ್ರಿ, ಹಪ್ಪಳ" ಎಂದು ಖಾಜಾಸಾಬರು ತೀರ್ಪು ಕೊಟ್ಟರು. ಎಲ್ಲರಿಗೂ ದೇಶಾಭಿಮಾನ ಉಕ್ಕಿತು. ಅದೇ ಉಮೇದಿನಲ್ಲಿ ಮಾತಾಡುತ್ತ ಸಂತೆಯ ಬಾಗಿಲಿಗೆ ಬಂದೆವು. ಗೈಡ್ ಹುಡುಗಿ ತಲೆ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಹಿಂದ ಅಮ್ಮಾಜಿ ಇಲ್ಲಲ್ರೀ" ಎಂದರು ಖಾಜಾಸಾಬರು.

ಎಲ್ಲರನ್ನೂ ಕಾಯಲು ಹಿಂದೆ ಒಬ್ಬಳಿದ್ದಾಳೆಂದು ನಾವ್ಯಾರೂ ಹಿಂದೆ ನೋಡಿರಲಿಲ್ಲ. ನನ್ನ ಕೈ ತಾನಾಗಿಯೇ ಹೊಟ್ಟೆಯ ಬೆಲ್ಟಿಗೆ ಹೋಯಿತು. ಅತ್ತೆಯ ಪಾಸ್‌ಪೋರ್ಟು, ದುಡ್ಡು, ಹೋಟೆಲಿನ ಕಾರ್ಡು ಎಲ್ಲ ಅಲ್ಲಿ ಬಹಳ ಸುರಕ್ಷಿತವಾಗಿದ್ದವು. ಅತ್ತೆಯೊಬ್ಬಳೇ ಇರಲಿಲ್ಲ.

ಆ ಊರಿನ ಭಾಷೆಯ ಒಂದಕ್ಷರ ಆಕೆಗೆ ಗೊತ್ತಿಲ್ಲ. ಫೋನಿಲ್ಲ. ನಾವಿಳಿದ ಹೋಟೆಲಿನ ಹೆಸರು ನನಗೇ ನಾಲಿಗೆಗೆ ಸಿಗುತ್ತಿರಲಿಲ್ಲ. ವಿಡಿಯೋಗಳಲ್ಲಿ ಕಂಡ ಕೆಟ್ಟದ್ದೆಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಅದಕ್ಕಿಂತ ಹೆಚ್ಚಾಗಿ ಆಟೋದ ಪಕ್ಕ ನಿಂತ ಅಪ್ಪನ ಮುಖ ಬಂತು. ಒಬ್ಬಳೇ ತಂಗಿಯನ್ನು ಎಲ್ಲಿ ಬಿಟ್ಟು ಬಂದೆ ಎಂದು ಅವರು ಕೇಳುವುದಿಲ್ಲ, ಸುಮ್ಮನೆ ನನ್ನ ಹಿಂದೆ ಬಾಗಿಲ ಕಡೆ ನೋಡುತ್ತಾರೆ. ಇದನ್ನು ಚಂದ ಮಾಡಿ ಹೇಳುವುದೇನಿದೆ, ನಾನು ಹೆದರಿದೆ. ಅಷ್ಟು ಹೆದರಿದ್ದು ಅದಕ್ಕೂ ಮೊದಲು ಇಲ್ಲ, ಆಮೇಲೂ ಇಲ್ಲ.

ಗೈಡ್ ಹುಡುಗಿ ಪೊಲೀಸರಿಗೆ ಫೋನು ಹಚ್ಚಿದಳು. ಖಾಜಾಸಾಬರು ನನ್ನ ತೋಳು ಹಿಡಿದು, "ಖಡೇ ಕ್ಯಾ ಹೋ ಮಿಯಾ, ಬಂದ ದಾರಿ ಹಿಡಕೊಂಡು ಹೋಗಾಮ್ ನಡೀರಿ" ಎಂದು ಎಳೆದರು. ರಸ್ತೆಯಲ್ಲಿ ಜನವೋ ಜನ. ನಾನು ಅತ್ತಿತ್ತ ಕತ್ತು ತಿರುಗಿಸುತ್ತ, ಕುಪ್ಪಳಿಸಿ ಇಣುಕುತ್ತ ಹೋಗುತ್ತಿದ್ದೆ. ಹಾಗೆ ಹುಡುಕಿದರೆ ಸಿಗುವ ಜಾತ್ರೆಯಲ್ಲ ಅದು.

"ಅಮ್ಮಾಜಿ ಒದರ್ತಿದ್ರಲ್ಲ, ಏನದು?" ಖಾಜಾಸಾಬರು ಕೇಳಿದರು.

ನಾನು ಹೇಳಿದೆ. ಅವರು ನಿಂತಲ್ಲೇ ನಿಂತು, ಎದೆಯ ತುಂಬ ಉಸಿರೆಳೆದುಕೊಂಡು, ಬಾಯಿಯ ಎರಡೂ ಬದಿಗೆ ಅಂಗೈ ಹಚ್ಚಿ ಕೂಗಿದರು: "ಹಿಂದ ಯಾರದಾರss?"

ಖಾಜಾಸಾಬರ ಅಂಗಡಿ ವಾಡಿಯಲ್ಲಿ ರೈಲು ಹಳಿಯ ಮಗ್ಗುಲಿಗೇ ಇದೆ. ಗೂಡ್ಸ್ ಗಾಡಿ ಹೋಗುತ್ತಿರುವಾಗಲೇ ಗಿರಾಕಿಗಳ ಜೊತೆ ಚೌಕಾಸಿ ಮಾಡಿ ಬಲಿತ ಗಂಟಲು. ಆ ಊರು ಅಂಥದ್ದನ್ನು ಕೇಳಿರಲಿಲ್ಲ. ಕುರ್ಚಿಯ ಮೇಲೆ ಅಂಗಾತ ಬಿದ್ದಿದ್ದ ಬಿಳಿಯನೊಬ್ಬ ಎದ್ದು ಕೂತ. ಯಾರೋ ಮೊಬೈಲು ಎತ್ತಿ ಚಿತ್ರ ತೆಗೆಯತೊಡಗಿದರು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ನಾನೂ ಕೂಗಿದೆ. ಹಿಂದಿನಿಂದ ಓಡಿ ಬಂದ ವೆಂಕಟರೆಡ್ಡಿಯೂ ಕೂಗಿದ. ಒಂದೊಂದು ಓಣಿಯ ಬಾಯಿಗೂ ನಿಂತು ಮೂವರೂ ಕೂಗುತ್ತ, ಕಿವಿಗೊಡುತ್ತ ನಡೆದೆವು. ನನ್ನ ದನಿ ಒಡೆದು ಹೋಗಿತ್ತು.

ಕಟ್ಟಡದ ಕೆಲಸ ದಾಟಿ, ದೊಡ್ಡ ಬಸ್ಸುಗಳು ನಿಲ್ಲುವ ಬಯಲಿನ ಹತ್ತಿರ ಬಂದಾಗ, ಖಾಜಾಸಾಬರ ಕೂಗಿನ ಬೆನ್ನಿಗೇ ಬಯಲಿನ ಆ ತುದಿಯಿಂದ ಕೇಳಿತು.

"ನಾ ಅದೀನಿ, ನಡೀರೋ!"

ಅಲ್ಲಿ ನೀಲಿ ಬಾವುಟದ ಹಿಂದೆ, ಒಂದೇ ಬಗೆಯ ಕೆಂಪು ಟೊಪ್ಪಿಗೆ ಹಾಕಿದ, ಸಣ್ಣ ಕಣ್ಣಿನ ಮುದುಕಿಯರ ಸಾಲೊಂದು ಬಸ್ಸು ಹತ್ತುತ್ತಿತ್ತು. ಸಾಲಿನ ಕೊನೆಯಲ್ಲಿ ಕುಂಟುತ್ತಿದ್ದ ಒಬ್ಬಾಕೆ, ಆಕೆಯ ರಟ್ಟೆ ಹಿಡಿದುಕೊಂಡು ನಮ್ಮ ಶರಣಮ್ಮತ್ತೆ. ಸೆರಗಿನ ಮೇಲೆ ಆಕೆಗೂ ಒಂದು ಕೆಂಪು ಟೊಪ್ಪಿಗೆ! ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿತ್ತು. ಆ ಬಸ್ಸು ಎಲ್ಲಿಗೆ ಹೊರಟಿತ್ತೆಂದು ಗೈಡ್ ಹುಡುಗಿ ಆಮೇಲೆ ಕೇಳಿ ಹೇಳಿದಳು. ರಾತ್ರಿಯಿಡೀ ಓಡಿ ಬೇರೊಂದು ಸೀಮೆಯನ್ನು ಮುಟ್ಟುವ ಬಸ್ಸು ಅದು.

ನಾನು ಓಡಿ ಹೋಗಿ ಆಕೆಯ ಕೈ ಹಿಡಿದೆ. ಬೈಯಬೇಕೆಂದು ಬಾಯಿ ತೆರೆದರೆ ಅಳು ಬಂತು. ಅತ್ತೆ ಗಾಬರಿಯಾಗಿ, "ಯಾಕೋ ತಮ್ಮಾ, ಯಾರರೆ ತಪ್ಪಿಸ್ಕೊಂಡ್ರೇನು?" ಎಂದು ಕೇಳಿದಳು.

ಆದದ್ದು ಇಷ್ಟು. ನಾವು ಸಿಮೆಂಟು ಚೀಲಗಳ ಫೋಟೋ ತೆಗೆಯುವಾಗ ಆ ಮುದುಕಿ ತನ್ನವರಿಂದ ಹಿಂದೆ ಬಿದ್ದು, ಮೊಣಕಾಲು ಹಿಡಿದುಕೊಂಡು ರಸ್ತೆಯ ಅಂಚಿಗೆ ಕೂತಿದ್ದಳು. ಕಡೆಯವಳಾದ ಅತ್ತೆ ಆಕೆಯನ್ನು ದಾಟಿ ಹೇಗೆ ಬಂದಾಳು? ಎಬ್ಬಿಸಿದಳು, ಕಾಲು ತಿಕ್ಕಿದಳು, ಗಂಟಿನ ರೊಟ್ಟಿ ಮುರಿದು ತಿನ್ನಿಸಿದಳು. ತಲೆ ಎತ್ತಿದರೆ ನಮ್ಮ ಹಳದಿ ಬಾವುಟ ಇಲ್ಲ. ಮುದುಕಿ ದೂರದ ನೀಲಿ ಬಾವುಟಕ್ಕೆ ಬೆರಳು ಮಾಡಿದಳು. ಸರಿ, ಅದರ ಬೆನ್ನು ಹತ್ತಿದರು.

"ಅದು ನಮ್ಮ ಝೆಂಡಾ ಅಲ್ಲಂತ ತಿಳೀಲಿಲ್ಲೇನತ್ತಿ?"

"ತಿಳೀತಲ್ಲ, ನನಗೇನು ಕಣ್ಣಿಲ್ಲೇನು? ಝೆಂಡಾ ಯಾವ್ದಾದ್ರೇನು, ಕಡೀಕ ಎಲ್ಲಾರೂ ಕೂಡೋದು ಒಂದ ಜಾಗಾದಾಗ ಅಲ್ಲೇನು?"

"ಆಕಿ ಭಾಷಾ ನಿನಗ್ಹ್ಯಾಂಗ ತಿಳೀತು?"

"ಮಣಕಾಲು ನೋವಿಗಿ ಯಾವ ಭಾಷಾ ಬೇಕೋ ಹುಚ್ಚಾ."

ಆ ಮುದುಕಿಯನ್ನು ಬಸ್ಸಿನ ಸೀಟಿನಲ್ಲಿ ಕೂರಿಸಿ ಬರುವ ತನಕ ಆಕೆ ನಮ್ಮ ಜೊತೆ ಒಂದು ಹೆಜ್ಜೆ ಇಡಲಿಲ್ಲ. ಬಸ್ಸು ಹೊರಡುವಾಗ ಕಿಟಕಿಯಿಂದ ಒಂದು ಕೈ ಹೊರಬಂದು ಅತ್ತೆಯ ಕೈಯಲ್ಲಿ ಹಸಿರು ಶೀಶೆ ಇಟ್ಟಿತು. ಅದರ ಮುಚ್ಚಳ ಸಡಿಲವಿತ್ತು. ಹೋಟೆಲಿನವರೆಗೂ ನಮ್ಮ ಮೈ, ಬಟ್ಟೆ ಎಲ್ಲ ಅದೇ ವಾಸನೆ.

ಹೋಟೆಲಿಗೆ ಬಂದವನೇ ಆಕೆಯ ಕಾರ್ಡು, ಪಾಸ್‌ಪೋರ್ಟು ಆಕೆಯ ಕೈಗೇ ಕೊಟ್ಟು, ಬೆಲ್ಟನ್ನು ಪೆಟ್ಟಿಗೆಯ ತಳಕ್ಕೆ ಒಗೆದೆ. ಕೊನೆಗೆ ತಡೆಯಲಾರದೆ ಕೇಳಿದೆ: "ನೀ ಎಲ್ಲಾರ್ನೂ ಕಾಯ್ತಿ. ನಿನ್ನ ಹಿಂದ ಯಾರಿರ್ತಾರ ಅತ್ತಿ?"

"ಮಲ್ಲಯ್ಯ" ಅಂದಳು, ಯೋಚಿಸದೆ. ಆಮೇಲೆ ಕೆಂಪು ಟೊಪ್ಪಿಗೆಯನ್ನು ಮಡಚಿ ಗಂಟಿನೊಳಗೆ ಇಡುತ್ತ ಸಣ್ಣಗೆ ನಕ್ಕಳು. "ಖರೆ, ಅವ ಒಮ್ಮೊಮ್ಮಿ ಭಾಳ ದೂರ ಉಳೀತಾನ."

ನಗಾಡುತ್ತಲೇ ಹೇಳಿದಳು. ನಾನೂ ನಕ್ಕೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಅಷ್ಟು ವರ್ಷ ಅಷ್ಟು ಮಂದಿಯನ್ನು ಮುಂದೆ ಹಾಕಿಕೊಂಡು ನಡೆದವಳು, ಒಂದು ಸಲವೂ ಬೆನ್ನ ಹಿಂದೆ ಯಾರ ಹೆಜ್ಜೆಯ ಸಪ್ಪಳವನ್ನೂ ಕೇಳಿರಲಿಲ್ಲ.

ಅಪ್ಪ ಈಗಿಲ್ಲ. ಅವರು ಹೋದ ಮೇಲೆ ಅತ್ತೆ ಚಿಮ್ಮನಚೋಡಕ್ಕೆ ಹೋಗುವುದನ್ನು ಬಿಟ್ಟು ನಮ್ಮಲ್ಲೇ ಉಳಿದಳು. ಮೊಣಕಾಲು ಸೋತ ಮೇಲೆ ಶ್ರೀಶೈಲವೂ ನಿಂತಿತು.

ಇವತ್ತಿನ ಹುನ್ನಾರ ಏನೆಂದು ತಿಳಿಯಲು ಒಳಗೆ ಹೋಗಿ ನೋಡಿದೆ. ಅತ್ತೆ ಎರಡೂ ಮೊಣಕಾಲಿಗೆ ಎಣ್ಣೆ ತಿಕ್ಕಿ, ಇಳಕಲ್ಲ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ತಯಾರಾಗಿ ಕೂತಿದ್ದಳು. ಶಹಾಬಾದ ಕಡೆಯ ಪಾದಯಾತ್ರೆಯ ತಂಡ ನಮ್ಮ ಊರಿನ ಮೇಲೆ ಹಾಯ್ದು ಸೇಡಂ ಕಡೆ ಹೋಗುವುದಿದೆಯಂತೆ. ಊರ ಹೊರಗಿನ ತನಕ ಕಳಿಸಿ ಬರಬೇಕಂತೆ.

"ಸ್ಕೂಟರ್ ಮ್ಯಾಲ ಕುಂದ್ರು, ಬಿಡ್ತೀನಿ" ಎಂದೆ.

"ಕಳಿಸಾಕ ಹೋಗೋರು ಕುಂತು ಹೋಗ್ತಾರೇನೋ?"

ಸರಿ, ನಡೆದೆವು. ತಂಡ ಬಂತು, ಬಾವುಟ ಬಂತು, ಹುಡುಗರು ಹೆಂಗಸರು ಎಲ್ಲ ಬಂದರು. ಅತ್ತೆ ಎಲ್ಲರನ್ನೂ ಮುಂದೆ ಬಿಟ್ಟು ತನ್ನ ಹಳೆಯ ಜಾಗದಲ್ಲಿ, ಸಾಲಿನ ಕಡೆಗೆ ಸೇರಿಕೊಂಡಳು. ಆ ತಂಡದ ಕಡೆಯವನು ಈಕೆಯನ್ನು ದಾಟಲಾರದೆ ಹೆಜ್ಜೆ ಎಳೆಯುತ್ತಿದ್ದ. ನಾನು ಅವನಿಗೆ, "ನೀ ನಡಿಯಪಾ, ಇವ್ರಿಗಿ ನಾ ಅದೀನಿ" ಎಂದು ಕೈ ಮಾಡಿದೆ. ಬಾವುಟ ಸಣ್ಣದಾಗುತ್ತ ಹೋಯಿತು. ಅತ್ತೆ ಒಂದೊಂದೇ ಹೆಜ್ಜೆ ಕಿತ್ತು ಇಡುತ್ತಿದ್ದಳು, ಎಣ್ಣೆಯ ವಾಸನೆ ಹಿಂದಕ್ಕೆ ಬರುತ್ತಿತ್ತು. ಪಕ್ಕದಲ್ಲಿ ನಡೆದು ತೋಳು ಹಿಡಿಯಬಹುದಿತ್ತು. ನಾನು ಬೇಕೆಂದೇ ಹಿಂದೆ ಉಳಿದು, ಚಪ್ಪಲಿಯನ್ನು ಸಪ್ಪಳವಾಗುವ ಹಾಗೆ ಎಳೆದು ನಡೆದೆ.

ಸ್ವಲ್ಪ ದೂರ ಹೋದ ಮೇಲೆ ಆಕೆ ಕತ್ತು ತಿರುಗಿಸದೆ ಕೂಗಿದಳು:

"ಹಿಂದ ಯಾರದಾರ?"

ಸೇಡಂ ಬಸ್ಸು ಅದೇ ಹೊತ್ತಿಗೆ ಹಾರ್ನು ಹಾಕುತ್ತ ಹೋಯಿತು. ಕಿಟಕಿಯಲ್ಲಿದ್ದ ಮಂದಿಯೆಲ್ಲ ನಮ್ಮ ಕಡೆ ನೋಡಿದರು. ನೋಡಲಿ ಎಂದು, ನಾನು ಗಂಟಲು ಸರಿಮಾಡಿಕೊಂಡು ಬಸ್ಸಿಗೂ ಕೇಳುವಂತೆ ಕೂಗಿದೆ:

"ನಾ ಅದೀನಿ ಅತ್ತಿ, ನಡಿ!"